ಗೆದ್ದವನ ಕಣ್ಣು

ಹೊಸಪೇಟೆ

ನಮ್ಮ ಓಣಿಯಲ್ಲಿ ವಿಮಾನ ಹತ್ತಿದ ಮೊದಲ ಹೆಂಗಸು ನಾನು. ಹತ್ತಿಸಿದವರು ನಮ್ಮ ನೆಂಟರಲ್ಲ, ಸಂಡೂರಿನ ಒಬ್ಬ ಗಣಿ ಧಣಿ. ಹಾಗಾಗಿ ಸಂತೋಷಕ್ಕಿಂತ ಮೊದಲು ಅನುಮಾನವೇ ಬಂತು. ಇಂಗ್ಲೆಂಡಿನಲ್ಲಿ ಏನೇನು ನೋಡಿದೆ ಎಂದು ಕೇಳುವವರಿಗೆ ಹೇಳುವಂಥದ್ದು ನನ್ನಲ್ಲಿ ಹೆಚ್ಚಿಲ್ಲ. ಒಂದು ಅಚ್ಚನ್ನು ನೋಡಿದೆ, ಅಷ್ಟೆ.

ನಮ್ಮ ಮನೆಯವರು, ಮೌನೇಶಪ್ಪನವರು, ಪದಕದ ಅಚ್ಚು ಕೆತ್ತುವ ಕೆಲಸ ಮಾಡುತ್ತಿದ್ದರು. ಕುಸ್ತಿ ಗೆದ್ದವರಿಗೆ, ಶಾಲೆಯ ಓಟದಲ್ಲಿ ಮೊದಲು ಬಂದವರಿಗೆ ಕೊಡುವ ಪದಕಗಳ ಅಚ್ಚುಗಳು ಅವರ ಕೈಯಲ್ಲೇ ಆಗುತ್ತಿದ್ದವು. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು. ಪದಕದಲ್ಲಿ ಉಬ್ಬಬೇಕಾದದ್ದು ಅಚ್ಚಿನಲ್ಲಿ ತಗ್ಗಾಗಬೇಕು, ಬಲಗೈ ಎಡಗೈಯಾಗಬೇಕು. ಸರಿಯಾಗಿದೆಯೋ ಇಲ್ಲವೋ ನೋಡಲು ಅವರ ಬಳಿ ಅಂಗೈಯಗಲದ ಒಂದು ಕನ್ನಡಿ ಇತ್ತು.

ಆ ಕನ್ನಡಿಗೆ ಇನ್ನೊಂದು ಕೆಲಸವೂ ಇತ್ತು. ಮನುಷ್ಯರಾಗಲಿ ಪ್ರಾಣಿಯಾಗಲಿ ಇರುವ ಅಚ್ಚಿಗೆ ಅವರು ಕಣ್ಣನ್ನು ಕೊನೆಗೆ ಕೆತ್ತುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಮೂಡಣಕ್ಕೆ ಮುಖ ಮಾಡಿ ಕೂತು, ಎಷ್ಟು ಕಣ್ಣುಗಳಿದ್ದರೂ ಒಂದೇ ಕೂರಿಕೆಯಲ್ಲಿ ಮುಗಿಸಬೇಕು. ತೆರೆದ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅದಕ್ಕೆ ಎದುರಿಗೆ ಕನ್ನಡಿ ಹಿಡಿಯಬೇಕು, ಹಿಡಿದವರು ಮುಖ ತಿರುಗಿಸಿರಬೇಕು. ದೇವರ ಮೂರ್ತಿ ಮಾಡುವವರ ಪದ್ಧತಿ ಅದು. ಎರಡನೇ ಬಹುಮಾನದ ಕಬಡ್ಡಿ ಪದಕಕ್ಕೆ ಅದೆಲ್ಲ ಯಾಕೆ ಎಂದು ನಾನು ನಗುತ್ತಿದ್ದೆ. "ಕಣ್ಣಿಗೆ ಬಹುಮಾನ ಗೊತ್ತಾಗತದೇನು?" ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಆ ಕನ್ನಡಿ ಹಿಡಿದವಳು ನಾನು. ಇಪ್ಪತ್ತಾರು ವರ್ಷವೂ ಗೋಡೆ ನೋಡುತ್ತಾ ನಿಂತಿದ್ದೆ.

ಆಗ ಗಣಿಯ ಕಾಲ. ಹಗಲೂ ರಾತ್ರಿ ಅದಿರಿನ ಲಾರಿಗಳು. ಒಣಹಾಕಿದ ಬಟ್ಟೆ ಸಂಜೆಗೆ ಕೆಂಪಾಗುತ್ತಿತ್ತು. ಊರಿಗೊಬ್ಬ ಹೊಸ ಧಣಿ. ಸಂಡೂರಿನ ಈ ಧಣಿಗೆ ತಂದೆಯ ಸಹಸ್ರಚಂದ್ರ ದರ್ಶನದ ಹೊತ್ತಿಗೆ ಬಂದವರಿಗೆಲ್ಲ ಬೆಳ್ಳಿ ಪದಕ ಹಂಚಬೇಕೆಂಬ ಆಸೆ. ದೇವರದ್ದಲ್ಲ, ಲಕ್ಷ್ಮಿಯದ್ದಲ್ಲ. ಯುದ್ಧ ಗೆದ್ದು ಹಂಪಿಗೆ ಮರಳುವ ಅರಸನದ್ದು. ಕುದುರೆಯ ಮೇಲೆ ಅರಸ, ಹಿಂದೆ ಆನೆ, ಮುಂದೆ ಮಂಡಿಯೂರಿದ ಸೋತ ದೊರೆ. ಅರಸನ ಮುಖ ಮಾತ್ರ ಅವರ ತಂದೆಯದ್ದಾಗಬೇಕು. ಅಚ್ಚು ನಮ್ಮ ಮನೆಯವರದು, ಪದಕ ಒತ್ತುವುದು ಇಂಗ್ಲೆಂಡಿನಲ್ಲಿ. ಫಾರಿನ್ ಎಂದರೆ ಜನ ಬಾಯಿ ಬಿಡುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಮುಖಕ್ಕೆಂದು ಒಂದು ಫೋಟೋ ಬಂತು. ಮುದುಕರು ಕಪ್ಪು ಕನ್ನಡಕ ಹಾಕಿದ್ದರು. ನಮ್ಮ ಮನೆಯವರು ಅದನ್ನು ತಿರುಗಿಸಿ ಇಟ್ಟು, ಆಳನ್ನೇ ನೋಡಬೇಕು ಎಂದು ಸಂಡೂರಿಗೆ ಹೋದರು. ಸಂಜೆ ಮರಳಿದವರು ಕೈಕಾಲು ತೊಳೆದು ಕೂತರು.

"ಹೆಂಗದಾರ ಮುದುಕರು?" ಎಂದೆ.

"ಭಾಳ ಮಾತಾಡಿದರು. ಕುದ್ರಿ ಬಗ್ಗೆ ನನಗಿಂತ ಚಲೋ ತಿಳೀತೈತಿ ಅವರಿಗೆ."

ಅಷ್ಟೇ. ಆಮೇಲೆ ನಾಲ್ಕು ತಿಂಗಳು, ವಾರಕ್ಕೊಮ್ಮೆ ಹಂಪಿಗೆ ಹೋಗಿ ಮಹಾನವಮಿ ದಿಬ್ಬದ ಕಲ್ಲುಗಳ ಮುಂದೆ ಕೂತು ಬರುತ್ತಾ, ಆ ಅಚ್ಚನ್ನು ಕೆತ್ತಿದರು. ಒಂದು ಬೆಳಿಗ್ಗೆ ಕನ್ನಡಿ ಹಿಡಿ ಎಂದರು. ಹಿಡಿದೆ. ಬಹಳ ಹೊತ್ತಿನ ಮೇಲೆ "ಮುಗೀತು" ಎಂದರು. ಅಚ್ಚನ್ನು ಅರಿವೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ ಕಳಿಸಿದರು. ಎರಡು ವಾರಕ್ಕೆ ಎದೆನೋವು ಬಂದು ಹೋಗಿಬಿಟ್ಟರು.

ಐದು ತಿಂಗಳ ನಂತರ ಧಣಿಯ ಮ್ಯಾನೇಜರ್ ಶರಣಪ್ಪ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲಿನ ಕೆಂಪು ಧೂಳನ್ನು ಕರವಸ್ತ್ರದಿಂದ ಒರೆಸಿ ಕೂತರು.

"ಅಕ್ಕಾರ, ನೀವು ಇಂಗ್ಲೆಂಡಿಗೆ ಬರಬೇಕಾಗೈತಿ."

"ನಾನ್ಯಾಕ?"

"ಒಂದು ಸಹಿ ಬೇಕಂತ್ರಿ ಅವರಿಗೆ."

"ಕಾಗದ ತರ್ರಿ, ಇಲ್ಲೇ ಮಾಡತೀನಿ."

"ಎದುರಿಗೇ ಆಗಬೇಕಂತ. ಅಲ್ಲಿ ಕಾಯ್ದೆ ಭಾಳ ಬಿಗಿ."

ಒಂದು ಸಹಿಗೆ ವಿಮಾನದ ಟಿಕೀಟು ಯಾರು ಕೊಡುತ್ತಾರೆ? ಕಂಪ್ಲಿಯಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ ವಿಷಯ ಕೇಳಿದವನೇ ಬಸ್ಸು ಹತ್ತಿ ಬಂದ. "ಅಕ್ಕ, ಮಾವ ಮಾಡಿದ್ದನ್ನ ತಮ್ಮ ಹೆಸರಿಗೆ ಬರಕೊಳ್ಳಾಕ ಹೊಂಟಾರ. ಹೋಗು, ನೋಡು, ತಿನ್ನು, ಬಾ. ಸಹಿ ಮಾತ್ರ ಮಾಡಬ್ಯಾಡ" ಎಂದ. ಹಾಗೇ ಆಗಲಿ ಎಂದು ಹೊರಟೆ. ಅವರ ಕೊನೆಯ ಕೆಲಸ ಯಾರ ಕೈಯಲ್ಲಿದೆ ಎಂದು ನೋಡಬೇಕಿತ್ತು.

ವಿಮಾನ ನಿಲ್ದಾಣಗಳು

ನನ್ನ ಕೈಚೀಲದಲ್ಲಿ ಅವರ ಕನ್ನಡಿಯೂ ಒಂದು ಚಾಣವೂ ಇದ್ದವು. ಚಾಣವೆಂದರೆ ಕಣ್ಣು ಕೆತ್ತುವ ಸಣ್ಣ ಉಳಿ. ಬೆಂಗಳೂರಿನಲ್ಲಿ ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಏನಿದು ಎಂದಳು.

"ಕಣ್ಣು ತೆರಸೂದು" ಎಂದೆ.

ಅವಳು ಹೆದರಿ ಇನ್ನೊಬ್ಬರನ್ನು ಕರೆದಳು. ಶರಣಪ್ಪ ಓಡಿ ಬಂದರು. "ಅಕ್ಕಾರ, ಆಯುಧ ತಗೊಂಡು ವಿಮಾನ ಹತ್ತೂದೇನ್ರಿ? ಲಾರಿ ಅನ್ಕೊಂಡೀರೇನು?" ಚಾಣ ಒಂದು ಡಬ್ಬಿಗೆ ಬಿತ್ತು. ಆ ಡಬ್ಬಿಯಲ್ಲಿ ಕತ್ತರಿಗಳಿದ್ದವು, ಒಂದು ತೆಂಗಿನಕಾಯಿಯೂ ಇತ್ತು. ಕನ್ನಡಿಯನ್ನು ಹಿಂದುಮುಂದು ನೋಡಿ ಮರಳಿ ಕೊಟ್ಟರು. ಆ ಡಬ್ಬಿಯನ್ನು ತಿರುಗಿ ತಿರುಗಿ ನೋಡುತ್ತಾ ಮುಂದೆ ನಡೆದೆ. ಶರಣಪ್ಪನವರೇ ಹೇಳಿ ತೆಗೆಸಿದರೇನೋ ಎಂದೂ ಅನಿಸಿತು. ಆ ದಿನಗಳಲ್ಲಿ ನನಗೆ ಏನು ಬೇಕಾದರೂ ಅನಿಸುತ್ತಿತ್ತು.

ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಮುಖವನ್ನೂ ಪಾಸ್‌ಪೋರ್ಟಿನ ಮುಖವನ್ನೂ ಮೂರು ಸಲ ನೋಡಿದ. ಯಾಕೆ ಬಂದೆ ಎಂದು ಕೇಳಿದನೆಂದು ಗೊತ್ತಾಯಿತು. ಶರಣಪ್ಪ ಕಲಿಸಿದ್ದಂತೆ "ಮೆಡಲ್" ಎಂದೆ. ಅವನು ಇನ್ನೇನೋ ಕೇಳಿದ. ಶರಣಪ್ಪ ನಕ್ಕರು.

"ಏನಂದ?"

"ಏನರ ಗೆದ್ದೀರೇನು ಅಂತ ಕೇಳತಾನ."

ಇಲ್ಲ ಎಂದು ತಲೆಯಾಡಿಸಿದೆ. ಅವನು ಠಸ್ಸೆ ಒತ್ತಿದ.

ಬರ್ಮಿಂಗ್‌ಹ್ಯಾಮ್, ಮೊದಲ ದಿನ

ನಮ್ಮನ್ನು ಇಳಿಸಿದ ಮನೆ ಗುಜರಾತಿನ ಒಬ್ಬ ಹೆಂಗಸಿನದು. ಹೆಸರು ಜಶುಬೆನ್. ಮೇಲಿನ ಎರಡು ಕೋಣೆಗಳನ್ನು ಬಂದುಹೋಗುವವರಿಗೆ ಕೊಡುತ್ತಾಳೆ. ಹೊಸಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಬೀಬಿಯಿಂದ ಕಲಿತ ಹಿಂದಿಯಲ್ಲಿ ನಾನು ಮಾತಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು, ಆದರೆ ಅರ್ಥವಾಯಿತು.

ಚಳಿ ಎಂದರೆ ಏನೆಂದು ಅಲ್ಲಿ ತಿಳಿಯಿತು. ಬಿಸಿಲಿತ್ತು, ಬಿಸಿಯಿರಲಿಲ್ಲ. ನಮ್ಮೂರಿನ ಬಿಸಿಲು ಹೀಗೆ ಮೋಸ ಮಾಡುವುದಿಲ್ಲ. ಬೀದಿಯಲ್ಲಿ ಎಲ್ಲರ ಎದೆಯ ಮೇಲೂ ಒಂದೊಂದು ಕೆಂಪು ಕಾಗದದ ಹೂವು. ಬಸ್ಸಿನ ಡ್ರೈವರನ ಎದೆಯಲ್ಲೂ ಅದೇ, ರೊಟ್ಟಿ ಅಂಗಡಿಯ ಹುಡುಗಿಗೂ ಅದೇ. ಚುನಾವಣೆ ಇರಬೇಕು, ಇಡೀ ಊರು ಒಂದೇ ಪಕ್ಷದ್ದು ಎಂದುಕೊಂಡೆ. ಧಣಿಗಳಿರುವ ಕಡೆ ಹಾಗೇ ಆಗುವುದು.

ಚೌಕಗಳಲ್ಲಿ ಕಂಚಿನ ಮನುಷ್ಯರು. ಹೆಚ್ಚಿನವರು ಯುದ್ಧದವರೇ, ಎಲ್ಲರೂ ಗೆದ್ದವರೇ. ಹಂಪಿಯಲ್ಲಿ ಗೆದ್ದವರ ಕಲ್ಲೂ ಸೋತವರ ಕಲ್ಲೂ ಒಂದೇ ಬಿಸಿಲಿನಲ್ಲಿ ಬಿದ್ದಿರುತ್ತವೆ. ಇಲ್ಲಿ ಗೆದ್ದವರನ್ನು ಮಾತ್ರ ತೊಳೆದು ಇಟ್ಟಿದ್ದಾರೆ ಎನಿಸಿತು.

ಪದಕ ಒತ್ತುವ ಕಾರ್ಖಾನೆ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ. ಬಾಗಿಲು ತೆರೆದ ಕೂಡಲೇ ನನಗೆ ಪರಿಚಯದ ವಾಸನೆ ಬಂತು. ಸುಟ್ಟ ಎಣ್ಣೆ, ಅರಗು, ಉಜ್ಜಿದ ಬೆಳ್ಳಿ. ಅಲ್ಲಿ ಒಬ್ಬ ಪಾಲಿಶ್ ಮಾಡುತ್ತಿದ್ದ. ಅವನ ಎರಡು ಕೈಯೂ ಮೊಣಕೈಯವರೆಗೆ ಕೆಂಪು. ನಮ್ಮ ಸಂಡೂರಿನ ಮಣ್ಣಿನ ಕೆಂಪು, ಒಂದಿಷ್ಟೂ ಬೇರೆಯಲ್ಲ. ನಮ್ಮ ಮನೆಯವರೂ ಅದೇ ಕೆಂಪು ಪುಡಿಯಿಂದ ಬೆಳ್ಳಿ ಉಜ್ಜುತ್ತಿದ್ದರು.

"ಮಣ್ಣನ್ನೂ ಇಲ್ಲಿಗೆ ತಂದೀರೇನ್ರಿ?" ಎಂದು ಶರಣಪ್ಪನವರನ್ನು ಕೇಳಿದೆ.

"ನಮ್ಮ ಮಣ್ಣು ಚೀನಾಕ್ಕ ಹೋಗತೈತಿ ಅಕ್ಕಾರ. ಇದು ಇವರದ್ದು" ಎಂದರು, ಸ್ವಲ್ಪ ಬೇಸರದಿಂದಲೇ.

ಅಚ್ಚಿನ ಕೆಲಸದ ಹಿರಿಯನ ಹೆಸರು ಫ್ರ್ಯಾಂಕ್. ಎಪ್ಪತ್ತರ ಹತ್ತಿರದವನು. ಹೆಸರು ಹಿಡಿದು ಕರೆ ಎಂದ. ಅಷ್ಟು ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಮಾಸ್ತರ್ರು ಎಂದೆ. ಅವರ ಮೇಜಿಗೆ ಹೊಟ್ಟೆಯ ಹತ್ತಿರ ಅರ್ಧಚಂದ್ರದ ಕಚ್ಚು, ಅದರ ಕೆಳಗೆ ಚರ್ಮದ ಜೋಲಿ. ಬೆಳ್ಳಿಯ ಪುಡಿ ನೆಲಕ್ಕೆ ಬೀಳದಂತೆ. ನಮ್ಮಲ್ಲಿ ನೆಲದ ಮೇಲೆ ಕೂತು ಮೊಣಕಾಲಿಗೆ ಪಂಚೆ ಹರಡಿಕೊಳ್ಳುವುದಿಲ್ಲವೇ, ಅದೇ. ಅವರ ಬಲಗೈ ಹೆಬ್ಬೆರಳಿನ ಪಕ್ಕದಲ್ಲಿ ಗಟ್ಟಿ ಗಂಟು. ನಮ್ಮ ಮನೆಯವರಿಗೆ ಎಲ್ಲಿತ್ತೋ ಅಲ್ಲೇ ಇತ್ತು. ನಾನು ಬೇರೆ ಕಡೆ ನೋಡಿದೆ.

ಮಾಸ್ತರ್ರು ನನ್ನತ್ತ ತಿರುಗಿ ಬಹಳ ಹೊತ್ತು ಮಾತಾಡಿದರು. ಕೈ ಎತ್ತಿದರು, ಕಣ್ಣು ತೋರಿಸಿದರು, ಎದೆ ಮುಟ್ಟಿಕೊಂಡರು.

"ಏನಂತಾರ?"

"ಚಾ ಕುಡೀರಿ ಅಂತಾರ" ಎಂದರು ಶರಣಪ್ಪ.

"ಅಷ್ಟೊತ್ತು ಚಾ ಬಗ್ಗೆ ಮಾತಾಡಿದರೇನು?"

"ಇಂಗ್ಲಿಷಿನಾಗ ಚಾ ಉದ್ದ ಆಗತೈತ್ರಿ."

ಆ ಕ್ಷಣಕ್ಕೆ ನನಗೆ ಖಾತ್ರಿಯಾಯಿತು. ಈ ಇಬ್ಬರ ನಡುವೆ ಯಾವುದೋ ಮಾತಿದೆ, ಅದು ನನ್ನ ಕಿವಿಗೆ ಬೀಳಬಾರದು. ಚಹಾ ಬಂತು. ಅವರು ಬಿಸ್ಕತ್ತು ಅದ್ದಿ ತಿಂದರು. ನಾನು ಬಟ್ಟಲು ಮುಟ್ಟಲಿಲ್ಲ.

ಮಾಸ್ತರ್ರು ಎದ್ದು ಒಂದು ಖಾನೆ ಎಳೆದರು. ಒಳಗೆ ಮಖಮಲ್ಲಿನ ಮೇಲೆ ಹಳೆಯ ಪದಕಗಳು, ಎಲ್ಲವೂ ಗೆಲುವಿನವು. ತೇಲುವ ಹಡಗು, ಮುರಿದ ಕೋಟೆ, ರೆಕ್ಕೆಯ ಹೆಂಗಸು ಎತ್ತಿ ಹಿಡಿದ ಎಲೆಯ ಹಾರ. ಒಂದನ್ನು ನನ್ನ ಅಂಗೈಗೆ ಇಟ್ಟರು. ಒಂದು ಸಿಂಹ ಒಂದು ಹುಲಿಯನ್ನು ಕೆಡವಿ ಮೇಲೆ ಬಿದ್ದಿದೆ. ತಿರುಗಿಸಿದರೆ ಕೋಟೆಗೆ ನುಗ್ಗುತ್ತಿರುವ ಸೈನ್ಯ. ಶ್ರೀರಂಗಪಟ್ಟಣ ಬಿದ್ದದ್ದಕ್ಕೆ ಇದೇ ಊರಿನಲ್ಲಿ ಒತ್ತಿದ ಪದಕವಂತೆ. ಹುಲಿ ಯಾರು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಏಳನೇ ಇಯತ್ತೆಯವರೆಗೆ ಓದಿದ್ದೇನೆ.

ಹುಲಿಯ ಪಕ್ಕೆಯ ಪಟ್ಟೆಗಳು, ಎತ್ತಿದ ಪಂಜ, ಬಿಚ್ಚಿದ ಬಾಯಿ. ಎಷ್ಟು ಚಂದ ಕೆತ್ತಿದ್ದರೆಂದರೆ ಸಿಟ್ಟು ಬಂತು. ನಮ್ಮವರು ಬಿದ್ದದ್ದನ್ನು ಇಷ್ಟು ಚಂದ ಮಾಡಿ ಖಾನೆಯಲ್ಲಿಟ್ಟುಕೊಂಡವರು ನಮ್ಮ ಮನೆಯವರ ಅಚ್ಚನ್ನು ಬಿಡುತ್ತಾರೆಯೇ? ಪದಕವನ್ನು ಮೇಜಿನ ಮೇಲಿಟ್ಟೆ. ಮಾಸ್ತರ್ರು ಹುಲಿಯ ಮುಖ ತೋರಿಸಿ ಮತ್ತೇನೋ ಹೇಳಿದರು. ಶರಣಪ್ಪ ಅದಕ್ಕೆ ಚಹಾದ ಅರ್ಥವನ್ನೂ ಕೊಡಲಿಲ್ಲ.

ಎರಡನೆಯ ದಿನ

ಮರುದಿನ ಅಚ್ಚನ್ನು ತಂದರು. ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಒಂದು ಚೀಟಿ. ಮೌನೇಶಪ್ಪ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಅಷ್ಟು ಓದಲು ಬರುತ್ತದೆ. ಹೆಸರು ತೆಗೆದಿರಲಿಲ್ಲ. ನಾನು ಬರುತ್ತೇನೆಂದು ನಿನ್ನೆ ಅಂಟಿಸಿದರೇನೋ ಎಂದು ಚೀಟಿಯ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದೆ. ಹಳೆಯದೇ, ಅಂಚು ಕೊಳೆಯಾಗಿತ್ತು.

ಅರಿವೆ ಬಿಚ್ಚಿದರು. ನನ್ನ ಹಳೇ ಸೀರೆಯ ತುಂಡು ಅದು. ಉಕ್ಕಿನ ಬಿಲ್ಲೆ ಒಳಗಿತ್ತು.

ನಾನು ಕನ್ನಡಿ ತೆಗೆದೆ. ಮಾಸ್ತರ್ರು ತಟ್ಟನೆ ದೀಪವನ್ನು ನನ್ನ ಕಡೆಗೆ ತಿರುಗಿಸಿದರು. ಕನ್ನಡಿ ಯಾಕೆ ಎಂದು ಕೇಳಲಿಲ್ಲ.

ಇಪ್ಪತ್ತಾರು ವರ್ಷ ಕನ್ನಡಿ ಹಿಡಿದವಳು ಮೊದಲ ಸಲ ಕನ್ನಡಿಯೊಳಗೆ ನೋಡಿದೆ. ಕುದುರೆ ಕಾಲು ಎತ್ತಿತ್ತು. ಅದರ ಕಣ್ಣು ಬೆದರಿತ್ತು. ಆನೆಯ ಸಣ್ಣ ಕಣ್ಣೂ ಇತ್ತು, ಸಾಸಿವೆಯಷ್ಟು. ಮಂಡಿಯೂರಿದ ದೊರೆ ಅರಸನನ್ನು ನೋಡದೆ ಹೊರಗೆ, ನೋಡುವವರತ್ತ, ಎರಡೂ ಕಣ್ಣು ತೆರೆದು ನೋಡುತ್ತಿದ್ದ. ಅವನ ನೋಟ ತಡೆಯಲಾಗದೆ ನಾನು ದೃಷ್ಟಿಯನ್ನು ಮೇಲಕ್ಕೆ ಒಯ್ದೆ. ಕುದುರೆಯ ಮೇಲಿದ್ದ ಅರಸನಿಗೆ ಹುಬ್ಬಿತ್ತು, ರೆಪ್ಪೆಯಿತ್ತು. ಕಣ್ಣಿರಲಿಲ್ಲ. ಅದು ಇರಬೇಕಾದ ಜಾಗ ನುಣುಪಾಗಿತ್ತು.

ಶರಣಪ್ಪ ಗಂಟಲು ಸರಿಮಾಡಿಕೊಂಡರು. "ನೋಡಿದ್ರಲ್ಲ ಅಕ್ಕಾರ. ಅಣ್ಣಾರು ಪಾಪ, ಕೆಲಸ ಅರ್ಧಕ್ಕ ಬಿಟ್ಟು ಹೋದರು. ಕಣ್ಣೊಂದು ಉಳದೈತಿ. ಇವರು ಹಾಕತಾರ. ಕೆಲಸ ಮುಗದಿಲ್ಲ, ನೀವು ಮುಗಸ್ರಿ ಅಂತ ಒಂದು ಸಹಿ ಮಾಡಿಬಿಡ್ರಿ." ಜೇಬಿನಿಂದ ಕಾಗದ ತೆಗೆದರು. ಅದು ಹೊಸಪೇಟೆಯಲ್ಲೇ ಟೈಪಾಗಿ ಬಂದಿತ್ತು.

"ನಾ ಮಾಡಂಗಿಲ್ಲ."

"ಯಾಕ್ರೀ?"

"ಕನ್ನಡಿ ಹಿಡಿದಾಕಿ ನಾನು. ಅವತ್ತ ಮುಗೀತು ಅಂದಿದ್ದರು."

"ಮುಗದಿದ್ರ ಕಣ್ಣೆಲ್ಲಿ ಹೋದವ್ರಿ? ಕುದ್ರಿಗೈತಿ, ಆನಿಗೈತಿ, ಸೋತ ಮಗನಿಗೂ ಐತಿ. ಗೆದ್ದವನಿಗೆ ಇಲ್ಲಂದ್ರ ಧಣೇರು ನನ್ನ ಚರ್ಮ ಸುಲೀತಾರ."

ಎಲ್ಲ ಕಣ್ಣೂ ಒಂದೇ ಕೂರಿಕೆಯಲ್ಲಿ ಎಂಬುದು ಅವರ ನಿಯಮ. ಅದನ್ನು ಅವರು ಒಮ್ಮೆಯೂ ಮುರಿದವರಲ್ಲ. ಮುಗಿಯಿತು ಎಂದರೆ ಮುಗಿದಿರಬೇಕು. ಹಾಗಾದರೆ ಬೇಕೆಂದೇ ಬಿಟ್ಟರೇ? ಧಣಿಯ ಅಪ್ಪನನ್ನು ಕುರುಡ ಮಾಡಿ ಕೂರಿಸುವಂಥ ಸಿಟ್ಟು ಅವರಿಗೆ ಎಲ್ಲಿತ್ತು? ಮನೆಯಲ್ಲಿ ಒಂದು ಜೋರು ಮಾತಾಡಿದವರಲ್ಲ. ಆ ಸಂಜೆ ಜಶುಬೆನ್ನಳ ಮನೆಯ ಮೆಟ್ಟಿಲ ಮೇಲೆ ಕೂತು ನನ್ನ ಗಂಡನನ್ನೇ ಅನುಮಾನಿಸಿದೆ. ಅವರು ಹೋದ ಮೇಲೆ ಎಲ್ಲರನ್ನೂ ಅನುಮಾನಿಸಿದ್ದೆ, ಅವರೊಬ್ಬರನ್ನು ಬಿಟ್ಟು.

ಜಶುಬೆನ್ ಪಕ್ಕದಲ್ಲಿ ಬಂದು ಕೂತಳು. ಎಲ್ಲವನ್ನೂ ಹೇಳಿದೆ. ಅವಳ ಎದೆಯ ಮೇಲೂ ಆ ಕೆಂಪು ಹೂವಿತ್ತು. ನೀನು ಯಾವ ಪಕ್ಷ ಎಂದು ಕೇಳಿದೆ. ಅವಳು ನಗಲಿಲ್ಲ. ಇದು ಪಕ್ಷವಲ್ಲ, ಯುದ್ಧದಲ್ಲಿ ಸತ್ತವರಿಗಾಗಿ ವರ್ಷಕ್ಕೊಮ್ಮೆ ಹೀಗೆ ಹಾಕಿಕೊಳ್ಳುತ್ತಾರೆ ಎಂದಳು. ಗೆದ್ದವರೂ ಅಳುತ್ತಾರೆಯೇ ಎಂದು ಕೇಳಿದೆ. ಗೆದ್ದ ಮನೆಯಲ್ಲೂ ಹೆಣ ಬಂದಿರುತ್ತದಲ್ಲ ತಂಗಿ ಎಂದಳು. ತನ್ನ ಹೂವನ್ನು ತೆಗೆದು ನನ್ನ ಶಾಲಿಗೆ ಚುಚ್ಚಿದಳು. ನಾಳೆ ನಾನೂ ಬರುತ್ತೇನೆ, ನಿನ್ನ ಮ್ಯಾನೇಜರನ ಇಂಗ್ಲಿಷ್ ನನಗೂ ಕೇಳಬೇಕಾಗಿದೆ ಎಂದಳು.

ಮೂರನೆಯ ದಿನ

ಜಶುಬೆನ್ನಳನ್ನು ಕಂಡು ಶರಣಪ್ಪನವರ ಮುಖ ಸಣ್ಣದಾಯಿತು. ಈಗ ಮಾಸ್ತರ್ರು ಇಂಗ್ಲಿಷಿನಲ್ಲಿ ಹೇಳಿದ್ದು ಹಿಂದಿಯಾಗಿ ನನ್ನ ಬಳಿಗೆ ಬರತೊಡಗಿತು. ಉದ್ದದ ಮಾತು ಉದ್ದವಾಗಿಯೇ ಬಂತು.

ಅಚ್ಚು ಕೈಗೆ ಬಂದ ದಿನವೇ ಮಾಸ್ತರ್ರು ಕಾಗದ ಬರೆದಿದ್ದರಂತೆ. ಅರಸನ ಕಣ್ಣು ಬೇಕೆಂದೇ ಬಿಟ್ಟದ್ದೋ, ಉಳಿದದ್ದೋ ಎಂದು ಕೆತ್ತಿದವರನ್ನೇ ಕೇಳಿದ್ದರು. ಅದು ಧಣಿಯ ಆಫೀಸಿಗೆ ಬಂದು ಅಲ್ಲೇ ಉಳಿಯಿತು. ಕಣ್ಣು ಹಾಕಿ ಎಂದು ಆಫೀಸಿನಿಂದ ಉತ್ತರ ಹೋಯಿತು. ಅದರಲ್ಲಿ ಕೆತ್ತಿದವರ ಸಹಿ ಇರಲಿಲ್ಲ. ಮಾಸ್ತರ್ರಿಗೆ ಅನುಮಾನ ಬಂತು. ಕೆತ್ತಿದವರು ತೀರಿಕೊಂಡರು ಎಂದು ಎರಡನೆಯ ಉತ್ತರ ಬಂದಾಗ ಅನುಮಾನ ಇನ್ನೂ ಹೆಚ್ಚಾಯಿತು. ಹಾಗಾದರೆ ಮನೆಯವರು ಬಂದು, ಅಚ್ಚು ನೋಡಿ, ನನ್ನೆದುರು ಹೇಳಲಿ, ಅಲ್ಲಿಯವರೆಗೆ ಒತ್ತುವುದಿಲ್ಲ ಎಂದು ಬರೆದರು.

ಈ ಊರಿನಲ್ಲಿ ನನ್ನಂತೆಯೇ ಅನುಮಾನ ಪಡುತ್ತಾ ಇನ್ನೊಬ್ಬರು ಐದು ತಿಂಗಳು ಕೂತಿದ್ದರು. ನಾನು ಅವರ ಮೇಲೇ ಅನುಮಾನ ಪಡುತ್ತಿದ್ದೆ.

ಇಷ್ಟು ಹಟ ಯಾಕೆ ಎಂದು ಕೇಳಿಸಿದೆ. ಮಾಸ್ತರ್ರು ತಮ್ಮ ಕೈ ನೋಡಿಕೊಂಡರು. ಚಿಕ್ಕ ವಯಸ್ಸಿನಲ್ಲಿ ಒಮ್ಮೆ, ಸತ್ತ ಹಿರಿಯರೊಬ್ಬರು ಕೆತ್ತಿದ್ದ ಅಚ್ಚಿನಲ್ಲಿ ಸೈನಿಕನ ಒಂದು ಕೈ ಇಲ್ಲದ್ದನ್ನು ಕಂಡು, ಮರೆತಿದ್ದಾರೆ ಎಂದು ತಾವೇ ಕೆತ್ತಿ ಸೇರಿಸಿದರಂತೆ. ಆಮೇಲೆ ತಿಳಿಯಿತು, ಆ ಹಿರಿಯರ ಮಗ ಯುದ್ಧದಿಂದ ಒಂದೇ ಕೈಯಲ್ಲಿ ಮರಳಿದ್ದ.

ಮೊದಲ ದಿನ ಹುಲಿಯ ಮುಖ ತೋರಿಸಿ ಏನು ಹೇಳಿದಿರಿ ಎಂದು ಕೇಳಿಸಿದೆ. "ಗೆಲುವಿನ ಪದಕಗಳನ್ನೇ ನಾವು ಮಾಡುವುದು. ಹಣ ಕೊಡುವವರು ಗೆದ್ದವರು. ಗೆದ್ದವನ ಮುಖ ಎಲ್ಲ ಪದಕದಲ್ಲೂ ಒಂದೇ. ಕೆತ್ತುವವನು ತನ್ನ ಕೈಚಳಕ ಇಡುವುದು ಬಿದ್ದವನಲ್ಲಿ. ನಿಮ್ಮ ಗಂಡ ಮಾತ್ರ ಗೆದ್ದವನ ಮುಖದಲ್ಲೂ ಏನನ್ನೋ ಇಟ್ಟಿದ್ದಾರೆ. ಅದು ಏನೆಂದು ನನಗೆ ತಿಳಿಯದು" ಎಂದಿದ್ದರಂತೆ.

ಆಮೇಲೆ ದಪ್ಪ ಗಾಜು ಕೊಟ್ಟು ಅರಸನ ಕಣ್ಣಿನ ಜಾಗ ತೋರಿಸಿದರು. ಉಳಿದುಹೋದ ಜಾಗದಲ್ಲಿ ಉಳಿಯ ಗೀರು ಇರಬೇಕು, ಇಲ್ಲಿ ಇಲ್ಲ. ಉಜ್ಜಿ ನುಣುಪು ಮಾಡಿದ್ದಾರೆ, ಕುದುರೆಯ ಮೈಗಿಂತ ಹೆಚ್ಚು. ಮರೆತ ಜಾಗವನ್ನು ಯಾರೂ ಉಜ್ಜುವುದಿಲ್ಲ.

"ಇವತ್ತು ನೀವು ಹೇಳಬೇಕು. ಹೇಳಿದ ಮೇಲೆ ಅಚ್ಚನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತೇನೆ. ಉಕ್ಕು ಗಟ್ಟಿಯಾಗುತ್ತದೆ. ಆಮೇಲೆ ಯಾರಿಗೂ ಅದರಲ್ಲಿ ಕಣ್ಣು ಕೆತ್ತಲಾಗದು."

ಎಲ್ಲರೂ ನನ್ನನ್ನು ನೋಡಿದರು. ಶರಣಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. ಈ ಸಲ ಗಡಿಬಿಡಿ ಇರಲಿಲ್ಲ.

"ಅಕ್ಕಾರ, ನಾನು ಸುಳ್ಳು ಹೇಳೀನಿ, ಖರೆ. ಧಣೇರ ಮಾತು ಮೀರಾಕ ಬರಂಗಿಲ್ಲ. ನನಗೂ ಹೆಂಡ್ರು ಮಕ್ಕಳದಾರ. ಎರಡು ಚುಕ್ಕಿ ಹಾಕಿದ್ರ ಯಾರ ಗಂಟು ಹೋಗತೈತಿ? ಅಣ್ಣಾರಿಗೇನು ಗೊತ್ತಾಗತೈತೇನು?"

"ನನಗ ಗೊತ್ತಾಗತೈತಲ್ರಿ" ಎಂದೆ.

ನಮ್ಮ ಮನೆಯವರು ಯಾಕೆ ಬಿಟ್ಟರು ಎಂಬುದು ಆಗಲೂ ನನಗೆ ತಿಳಿದಿರಲಿಲ್ಲ. ಶಾಪವೇ ಆಗಿದ್ದರೆ ಆ ಶಾಪಕ್ಕೆ ನಾನು ಸಹಿ ಮಾಡಿದಂತೆ. ಆದರೆ ಮುಗಿಯಿತು ಎಂದ ದನಿ ಮಾತ್ರ ಕಿವಿಯಲ್ಲಿತ್ತು. ಅದು ಸಿಟ್ಟಿನ ದನಿಯಲ್ಲ, ದಣಿದ ದನಿ. ಹೊಸಪೇಟೆಯ ಕಾಗದವನ್ನು ಶರಣಪ್ಪನವರಿಗೆ ಮರಳಿಸಿ, ಮಾಸ್ತರ್ರ ಬಳಿ ಬಿಳಿ ಹಾಳೆ ಕೇಳಿದೆ. "ಈ ಕೆಲಸ ಮುಗಿದಿದೆ. ಕಣ್ಣು ತೆರೆಸಿದ ದಿನ ನಾನು ಇದ್ದೆ" ಎಂದು ಕನ್ನಡದಲ್ಲಿ ಬರೆದು, ಕಾಳಮ್ಮ ಎಂದು ಸಹಿ ಮಾಡಿದೆ. ತಮ್ಮನ ಮಾತು ಮುರಿದೆ.

ಮಾಸ್ತರ್ರು ಮೊದಲು ಅಚ್ಚಿನ ಮೇಲೆ ಸೀಸವನ್ನು ಒತ್ತಿ ಒಂದು ಪ್ರತಿ ತೆಗೆದು ನನ್ನ ಕೈಗಿಟ್ಟರು. ಆಮೇಲೆ ಅಚ್ಚು ಕೆಂಡದಂತೆ ಕೆಂಪಾಗಿ ಎಣ್ಣೆಗೆ ಇಳಿಯಿತು. ಹೊಗೆ ಬಂತು. ಅವತ್ತು ಬಂದು ತಣ್ಣಗಾಗಿದ್ದ ಚಹಾವನ್ನು ನಾನು ಕುಡಿದೆ, ಬಿಸ್ಕತ್ತು ಅದ್ದಿ. ಬಿಸ್ಕತ್ತು ಮುರಿದು ಬಟ್ಟಲಿನ ತಳಕ್ಕೆ ಹೋಯಿತು. ಮಾಸ್ತರ್ರು ತಮ್ಮ ಚಮಚ ಕೊಟ್ಟರು.

ಸಂಡೂರು

ಊರಿಗೆ ಬಂದ ನಾಲ್ಕನೇ ದಿನ ಶರಣಪ್ಪ ಜೀಪು ತಂದರು. ನಡೆದದ್ದನ್ನು ಧಣಿಯ ಮುಂದೆ ನೀವೇ ಹೇಳಬೇಕು ಎಂದರು. ದಾರಿಯುದ್ದಕ್ಕೂ ಲಾರಿಗಳ ಸಾಲು. ಗುಡ್ಡಗಳು ಅರ್ಧ ಕಚ್ಚಿದ ಬೆಲ್ಲದಚ್ಚಿನ ಹಾಗಿದ್ದವು.

"ಒಂದು ಮಾತು ಅಕ್ಕಾರ. ದೊಡ್ಡ ಧಣೇರು ಎದುರಿಗೆ ಸಿಕ್ಕರ ಕಣ್ಣಿನ ಸುದ್ದಿ ಎತ್ತಬ್ಯಾಡ್ರಿ."

"ಯಾಕ?"

ಅವರು ಕಿಟಕಿಯ ಹೊರಗೆ ನೋಡಿದರು.

ಧಣಿ ಊರಲ್ಲಿರಲಿಲ್ಲ. ಹೊಸ ಬಂಗಲೆಯ ಪಡಸಾಲೆಯಲ್ಲಿ ತೂಗುಮಂಚದ ಮೇಲೆ ಫೋಟೋದ ಮುದುಕರು ಕೂತಿದ್ದರು. ಕಪ್ಪು ಕನ್ನಡಕವಿರಲಿಲ್ಲ. ನಮ್ಮ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿದರು. ಮುಖ ನಮ್ಮತ್ತ ಇರಲಿಲ್ಲ, ಬಾಗಿಲಿನ ಚೌಕಟ್ಟಿನತ್ತ ಇತ್ತು.

"ಶರಣ್ಯಾ, ಸಂಗಾಟ ಯಾರದಾರಲೇ? ಹೆಣ್ಣಿನ ಹೆಜ್ಜಿ ಐತಿ, ಕೈಬಳಿ ಸಪ್ಪಳ ಇಲ್ಲ. ಆ ಅಚ್ಚಿನವನ ಹೆಂಡ್ತೇನು?"

ನನಗೆ ನಿಂತಲ್ಲೇ ಎಲ್ಲವೂ ತಿಳಿಯಿತು. ಕುದುರೆಯ ಬಗ್ಗೆ ಚೆನ್ನಾಗಿ ತಿಳಿದವರು, ಬಹಳ ಮಾತಾಡಿದವರು. ಮಗ ಕಪ್ಪು ಗಾಜಿನ ಹಿಂದೆ ಮುಚ್ಚಿಟ್ಟದ್ದನ್ನು ನಮ್ಮ ಮನೆಯವರು ಆ ಒಂದು ದಿನ ಕಂಡಿದ್ದರು. ಕಂಡದ್ದನ್ನು ಕೆತ್ತಿದ್ದರು.

"ಹೌದ್ರಿ" ಎಂದೆ.

"ಕುಂದ್ರು ತಾಯಿ. ಹೋದನಂತ, ಕೇಳಿದೆ. ಚಲೋ ಮನಷಾ. ನನ್ನ ಮುಖಾನ ಕೈಲೆ ಮುಟ್ಟಿ ನೋಡಿದ. ಎಂಟು ವರ್ಷ ಆತು, ಈ ಮನ್ಯಾಗ ಯಾರೂ ನನ್ನ ಮುಖ ಮುಟ್ಟಿಲ್ಲ. ಎಲ್ಲಿ, ಅಂವ ಕೆತ್ತಿದ್ದನ್ನ ತಂದಿದ್ರ ತಾ."

ಶರಣಪ್ಪ ಬೇಡ ಎಂದು ಕೈ ಆಡಿಸುತ್ತಿದ್ದರು. ನಾನು ಚೀಲದಲ್ಲಿದ್ದ ಸೀಸದ ಪ್ರತಿಯನ್ನು ಮುದುಕರ ಅಂಗೈಗೆ ಇಟ್ಟೆ.

ಅವರು ಹೆಬ್ಬೆರಳಿನಿಂದ ಓದತೊಡಗಿದರು. "ಕುದ್ರಿ. ಮುಂಗಾಲು ಎತ್ತೈತಿ, ಬೆದರೈತಿ. ಇದು ಸೊಂಡ್ಲು. ಇಂವ ಯಾರು, ಮಂಡಿ ಊರ್ಯಾನ, ಸೋತವನೇನು? ಪಾಪ, ಕಣ್ಣು ಪೂರಾ ಬಿಟ್ಟಾನ." ಬೆರಳು ಮೇಲಕ್ಕೆ ಹೋಯಿತು. ಮೂಗು, ಮೀಸೆ, ಹುಬ್ಬು. ಹುಬ್ಬಿನ ಕೆಳಗೆ ನಿಂತಿತು. ಅಲ್ಲೇ ಹಿಂದೆ ಮುಂದೆ ಎರಡು ಸಲ ಆಡಿತು.

ಶರಣಪ್ಪ ಒಂದು ಹೆಜ್ಜೆ ಮುಂದೆ ಬಂದರು.

"ಇದು ನಾನು" ಎಂದರು ಮುದುಕರು. "ನನ್ನ ಮಗಗ ಹೇಳು ಶರಣ್ಯಾ, ಹಿಂಗ ಒತ್ತಸಬೇಕು. ಇದರಾಗ ಒಂದು ಚುಕ್ಕಿ ಹೆಚ್ಚಾದ್ರೂ ನನ್ನ ಬೆರಳಿಗೆ ತಿಳೀತೈತಿ ಅಂತ ಹೇಳು."

ಶರಣಪ್ಪ ಹೂಂ ಎಂದರು. ಹೇಳಿದರೋ ಇಲ್ಲವೋ, ಈಗಲೂ ನನಗೆ ಅನುಮಾನವೇ.

"ಕಣ್ಣು ತೆರಸೋ ದಿನ ಎದುರಿಗೆ ಕನ್ನಡಿ ಹಿಡೀತಾರಂತಲ್ಲ, ಅಂವ ಹೇಳಿದ್ದ. ಹಿಡದಾಕಿ ನೀನ ಏನು?"

"ಹೌದ್ರಿ."

"ನೀನರ ನೋಡಿದೇನು?"

"ಇಲ್ರಿ. ಹಿಡದವರು ನೋಡಬಾರದು."

ಮುದುಕರು ನಕ್ಕರು. ಮಂಚದ ಸರಪಳಿ ಕಿರುಗುಟ್ಟಿತು. "ಹಂಗಾರ ನಮ್ಮಿಬ್ಬರಿಗೂ ಕಾಣಲಿಲ್ಲ ಬಿಡು."

ಬಹಳ ಹೊತ್ತು ಅವರು ಆ ಪ್ರತಿಯನ್ನು ಕೈಬಿಡಲಿಲ್ಲ. ಕೇಳಿದರೆ ಕೊಟ್ಟುಬಿಡಬೇಕಾಗುತ್ತದೆ ಎಂದು ಹೆದರಿ ಕೂತಿದ್ದೆ. ಅವರು ಕೇಳಲಿಲ್ಲ. ನನ್ನ ಕೈ ಎಲ್ಲಿದೆ ಎಂದು ತಡವಿ ಹುಡುಕಿ, ಅದರಲ್ಲಿಟ್ಟು, ಬೆರಳುಗಳನ್ನು ಮಡಿಸಿದರು.

ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದೆ. ತೂಗುಮಂಚದ ಮೇಲೆ, ಅವರ ಕೈಮೇಲೆ, ಆ ಊರಿನ ಎಲ್ಲದರ ಮೇಲೆ ಇರುವ ಕೆಂಪು ಧೂಳು ಅರಸನ ಮುಖಕ್ಕೆ ಹತ್ತಿತ್ತು. ಹುಬ್ಬಿನ ಕೆಳಗೆ ಒಂದು ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ. ನಾನು ಅದನ್ನು ಒರೆಸಿಲ್ಲ.